ಮೊಳೆಗೆ ಚುಚ್ಚಿದ ಶುಕ್ರವಾರದ ಚೀಟಿ

ಅರವತ್ತರ ದಶಕದ ಮಾತು. ಜಯನಗರದಲ್ಲಿ ಆಗಿನ್ನೂ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಅಂಥಲ್ಲಿ ಒಬ್ಬ ರಿಟೈರ್ಡ್ ಎಂಜಿನಿಯರು ಹಿತ್ತಲಲ್ಲಿ ಈಜುಕೊಳ ಕಟ್ಟಿಸಿಕೊಂಡಿದ್ದರು. ಬೀದಿ ನಲ್ಲಿಯ ಮುಂದೆ ಕೊಡ ಹಿಡಿದು ನಿಲ್ಲುತ್ತಿದ್ದ ನಮ್ಮಂಥವರಿಗೆ ಅದು ಶುದ್ಧ ಹುಚ್ಚಾಟ. ಆದರೆ ನನಗೆ ಅನ್ನ ಹಾಕುತ್ತಿದ್ದುದೂ ಅದೇ ಹುಚ್ಚಾಟ. ವಾರಕ್ಕೆ ಮೂರು ಸಂಜೆ, ಸೋಮವಾರ, ಬುಧವಾರ, ಶುಕ್ರವಾರ, ಸೈಕಲ್ಲಿನಲ್ಲಿ ಹೋಗಿ ಕೊಳದ ಕಸ ತೆಗೆದು, ಗೋಡೆ ಉಜ್ಜಿ, ಬ್ಲೀಚಿಂಗ್ ಪುಡಿ ಹಾಕಿ ಬರುವುದು ನನ್ನ ಕೆಲಸ.

ಪ್ರತಿ ಸಲವೂ ಒಂದು ಚೀಟಿ ಬರೆದು ವೆರಾಂಡದ ಮೊಳೆಗೆ ಚುಚ್ಚಬೇಕಿತ್ತು. ನೀರು ಹೇಗಿದೆ, ಏನು ಮಾಡಿದೆ ಅಂತ. ಆ ಬರವಣಿಗೆ ಅಂದರೆ ನನಗೆ ಮೈ ಉರಿಯುತ್ತಿತ್ತು. ಒದ್ದೆ ಕೈ, ಸೋರುವ ಪೆನ್ನು, ಮತ್ತೆ ಮತ್ತೆ ಅದೇ ಮಾತು: 'ನೀರು ತುಂಬಿದೆ, ತಿಳಿಯಾಗಿದೆ, ಪುಡಿ ಹಾಕಿದೆ.' ಅದಕ್ಕೇ ತಿಂಗಳ ಮೊದಲಲ್ಲೇ ಮನೆಯಲ್ಲಿ ಕೂತು ಎಲ್ಲ ಚೀಟಿಗಳನ್ನೂ ಬರೆದು ಚೀಲದಲ್ಲಿಟ್ಟುಕೊಳ್ಳುತ್ತಿದ್ದೆ. ಯಾರು ಓದುತ್ತಾರೆ ಬಿಡು ಅನ್ನುವ ಧಿಮಾಕು.

ಓದುವವರಿದ್ದರು. ಕಣ್ಣಿನ ಪೊರೆಯ ಆಪರೇಷನ್ ಕೆಟ್ಟು, ಎಂಜಿನಿಯರಿಗೆ ಬೆಳಕು ನೆರಳು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಆದರೂ ಬೆಳಗಿನ ಈಜು ಬಿಟ್ಟಿರಲಿಲ್ಲ. ಅವರ ಹೆಂಡತಿ ವೆರಾಂಡದಲ್ಲಿ ಚೀಟಿ ಓದಿ ಹೇಳಿ ಕಾಫಿ ಮಾಡಲು ಒಳಗೆ ಹೋದರೆ, ಇವರು ಗೋಡೆ ಹಿಡಿದುಕೊಂಡು ಹಿತ್ತಲಿಗೆ ಹೋಗುತ್ತಿದ್ದರಂತೆ. ಇದೆಲ್ಲ ನನಗೆ ಆಮೇಲೆ ಗೊತ್ತಾಯಿತು.

ಆ ಶುಕ್ರವಾರ ಆಳದ ಕಡೆ ಒಂದು ಟೈಲು ಎದ್ದಿತ್ತು. ಮಾರನೆಯ ದಿನವೇ ಗಾರೆ ಕೆಲಸದವನನ್ನು ಕರೆಸೋಣವೆಂದು ಕೊಳದ ನೀರೆಲ್ಲ ಹೊರಗೆ ಬಿಟ್ಟೆ. ಮನೆಯವರಿಬ್ಬರೂ ಸಂಗೀತ ಕಚೇರಿಗೆ ಹೋಗಿದ್ದರು. ಬೆಳಿಗ್ಗೆ ಬೇಗ ಬಂದು ಹೇಳಿದರಾಯಿತು ಅಂದುಕೊಂಡೆ. ಹೊರಡುವಾಗ ಕೈ ತಾನಾಗಿ ಚೀಲಕ್ಕೆ ಹೋಯಿತು, ಶುಕ್ರವಾರದ ಚೀಟಿಯನ್ನು ಮೊಳೆಗೆ ಚುಚ್ಚಿತು. ಆ ಕೈಗೆ ಬರೆ ಹಾಕಬೇಕಿತ್ತು!

ಬೆಳಿಗ್ಗೆ ಹೊರಟರೆ ಅರ್ಧ ದಾರಿಯಲ್ಲಿ ಸೈಕಲ್ ಪಂಕ್ಚರ್. ತಳ್ಳಿಕೊಂಡು ಬಂದು ಹಿತ್ತಲ ಗೇಟು ತೆಗೆದೆ. ಆಳದ ಕಡೆಯ ಅಂಚಿನಲ್ಲಿ ಎಂಜಿನಿಯರು ಕುಕ್ಕರಗಾಲಲ್ಲಿ ಕೂತಿದ್ದರು. ನೀರಿಗಿಳಿಯುವ ಮುಂಚೆ ಅಂಗೈಯಲ್ಲಿ ನೀರು ತೆಗೆದು ತಲೆಗೆ ಚಿಮುಕಿಸಿಕೊಳ್ಳುವುದು ಅವರ ಪದ್ಧತಿ. ಒಂದು ಕೈ ಅಂಚಿನ ಮೇಲೆ, ಇನ್ನೊಂದು ಕೈ ಬರೀ ಗಾಳಿಯಲ್ಲಿ ತಡಕಾಡುತ್ತಿದೆ. ಕೆಳಗೆ ಎಂಟಡಿ ಆಳದಲ್ಲಿ ಒಣಗಿದ ಬಿಳಿ ಟೈಲು. ಅಯ್ಯೋ ಶಿವನೇ! ಕೂಗಿದರೆ ಬೆಚ್ಚಿ ಮುಂದಕ್ಕೇ ಬಿದ್ದಾರು. ಸೈಕಲ್ ಬಿಸಾಡಿ ಓಡಿ, ಅವರ ಎರಡೂ ತೋಳು ಹಿಡಿದು ಹಿಂದಕ್ಕೆಳೆದೆ. ಇಬ್ಬರೂ ಚಪ್ಪಡಿಯ ಮೇಲೆ ಬಿದ್ದೆವು.

"ಯಾರೋ ಅದು? ಬುದ್ಧಿ ಇದೆಯೇನೋ?"

"ನಾನು ಸಾರ್, ಪೂಲ್ ಕೆಲ್ಸದವ್ನು. ನೀರಿಲ್ಲ ಸಾರ್. ನಾನೇ ಬಿಟ್ಬಿಟ್ಟೆ."

ಸದ್ದು ಕೇಳಿ ಅಮ್ಮಾವ್ರು ಓಡಿ ಬಂದರು. ಖಾಲಿ ಕೊಳ ನೋಡಿ ಬಾಯಿಗೆ ಸೆರಗು ಒತ್ತಿಕೊಂಡರು. ಸೈಕಲ್ಲಿಗೆ ನೇತುಹಾಕಿದ್ದ ಚೀಲ ಮಗುಚಿ ನನ್ನ ಚೀಟಿಗಳೆಲ್ಲ ಚೆಲ್ಲಿಹೋಗಿದ್ದವು. ಅವರು ಒಂದನ್ನೆತ್ತಿ ಓದಿದರು. "ಸೋಮವಾರ. ನೀರು ತುಂಬಿದೆ, ತಿಳಿಯಾಗಿದೆ." ಇನ್ನೊಂದನ್ನೆತ್ತಿದರು. "ಬುಧವಾರ. ನೀರು ತುಂಬಿದೆ." ನನ್ನ ಮುಖ ನೋಡಿದರು. "ಇವತ್ತಿನ್ನೂ ಶನಿವಾರ ಅಲ್ವೇನಪ್ಪಾ?"

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಎಂಜಿನಿಯರು ಕೆನ್ನೆಗೆ ಬಾರಿಸಲಿ ಎಂದು ಕಾದೆ. ಅವರು ತಮ್ಮ ಒಣಗಿದ ಅಂಗೈಯನ್ನು ಸವರಿಕೊಳ್ಳುತ್ತಾ ಕೂತಿದ್ದರು.

"ಕೈಗೆ ನೀರೇ ತಾಕ್ಲಿಲ್ಲ ಕಣಯ್ಯಾ," ಎಂದರು. "ತುಂಬಿದೆ ಅಂತ ನೀನು ಬರ್ದಿದೀಯಲ್ಲಾ. ನನ್ನ ಕೈಯೇ ಎಟುಕ್ತಿಲ್ಲ ಅಂತ ಇನ್ನೂ ಬಗ್ತಾ ಇದ್ದೆ."