ಗಾಳಿಯ ತವರುಮನೆ

ಇವತ್ತು ಬೆಳಿಗ್ಗೆ ಅವ್ವ ಮೂಗು ಮೇಲೆ ಮಾಡಿ ಒಮ್ಮೆ ಗಾಳಿ ಎಳೆದುಕೊಂಡು ಕಿಟಕಿಗಳನ್ನೆಲ್ಲ ಹಾಕಿದಳು. "ಮಂದಿ ಬರೂ ದಿನಾನ ಗಾಳಿ ನಮ್ಮ ಪಾಲಿಗೆ ಬರಬೇಕೇನು" ಎಂದಳು. ದಾಂಡೇಲಿಯ ಕಾಗದದ ಕಾರ್ಖಾನೆಯ ವಾಸನೆ ನಿಮಗೆ ಗೊತ್ತಿಲ್ಲದಿದ್ದರೆ, ಬೇಯಿಸಿ ಮರೆತ ಕೋಸನ್ನು ನೆನೆಸಿಕೊಳ್ಳಿ. ಮಂದಿ ಎಂದರೆ ಮುಂಡಗೋಡದವರು, ನನ್ನನ್ನು ನೋಡಲು ಎರಡನೆಯ ಸಲ ಬರುತ್ತಿದ್ದ ವರನ ಕಡೆಯವರು.

ನಮ್ಮಲ್ಲಿ ಗಾಳಿ ಎಲ್ಲಿಂದ ಬಂತೆಂದು ಯಾರೂ ಕೇಳುವುದಿಲ್ಲ. ಚಿಮಣಿಯಿಂದ ಬಂತು, ಮತ್ತೆಲ್ಲಿಂದ? ಯಾರ ಮನೆಗೆ ಹೋಯಿತು ಎಂಬುದಷ್ಟೇ ಸಮಾಚಾರ. 'ಹಳಿಯಾಳದ ಗಾಳಿ' ಎಂದರೆ ಹಳಿಯಾಳದ ಕಡೆ ಹೊರಟ ಗಾಳಿ. ಅಂದು ನಾವು ಹಾಸಿಗೆ ಬಿಸಿಲಿಗೆ ಹಾಕುತ್ತೇವೆ. ಹಳಿಯಾಳದ ಕಡೆಯ ತೇರಗಾಂವದವರ ಮೂಗು ಅವರಿಗೆ ಬಿಟ್ಟಿದ್ದು. ಇಷ್ಟು ಜ್ಞಾನವನ್ನು ಕಟ್ಟಿಕೊಂಡು ನಾನು ಪೈಲಟ್ ಆಗಲು ಹೊರಟಿದ್ದೆ, ನೋಡಿ.

ವಿಮಾನ ತರಬೇತಿಗೆ ಸೇರಿ ಹೆಗಲಿಗೆ ಪಟ್ಟಿಯಿದ್ದ ಬಿಳಿ ಅಂಗಿ ತೊಟ್ಟ ದಿನವೇ ಓಣಿಯವರು ನನ್ನನ್ನು ಪೈಲಟ್ ಮಾಡಿ ಮುಗಿಸಿದ್ದರು. ಸರಕಾರ ಮಾತ್ರ ಸ್ವಲ್ಪ ಸಂಶಯದ ಪ್ರಾಣಿ. ಕಮರ್ಷಿಯಲ್ ಲೈಸೆನ್ಸ್ ಕೊಡುವ ಮೊದಲು ಅದಕ್ಕೆ ಹವಾಮಾನದ ಪರೀಕ್ಷೆ ಬೇಕು, ದಾರಿಯ ಲೆಕ್ಕ ಬೇಕು, ಕಣ್ಣು, ಕಿವಿ, ಹಲ್ಲು, ಎದೆಬಡಿತ ಎಲ್ಲ ನೋಡಬೇಕು. ವರನ ಕಡೆಯವರೂ ಅಷ್ಟು ನೋಡುವುದಿಲ್ಲ. ಅವ್ವನ ಕರಾರು ಇದಕ್ಕಿಂತ ಸರಳವಾಗಿತ್ತು: "ದೀಪಾವಳಿ ಒಳಗ ಒಬ್ಬಾಕಿನ ಹಾರಿ ತೋರಸು. ಇಲ್ಲಂದ್ರ ಮುಂಡಗೋಡದವ್ರಿಗೆ ಹೂಂ ಅಂತೇನಿ."

ಪಕ್ಕದಲ್ಲಿ ಶಿಕ್ಷಕರಿಲ್ಲದೆ ಹಾರುವುದಕ್ಕೆ ಸೋಲೋ ಎನ್ನುತ್ತಾರೆ. ಅದಕ್ಕೆ ಒಪ್ಪಿಗೆ ಕೊಡಬೇಕಾದ ಕುಲಕರ್ಣಿ ಸರ್ ಬೆಳಗಾವಿ ಕಡೆಯವರು, ನಗುವನ್ನು ನಿವೃತ್ತಿಯ ನಂತರಕ್ಕೆಂದು ಕೂಡಿಟ್ಟವರು. ದೀಪಾವಳಿ ಹತ್ತಿರ ಬಂದಿತ್ತು. ಒಂದು ದಿನ ಮೇಲೇರಿದ ಮೇಲೆ, "ರೇಡಿಯೋ ಕೆಟ್ಟೈತಿ ಅಂತ ತಿಳಕೊ. ಹೊಗಿ ನೋಡಿ ಗಾಳಿ ಯಾವುದು ಹೇಳು, ಇಳಸು" ಎಂದರು. ಕೆಳಗೆ ಹೊಲದಲ್ಲಿ ಕಬ್ಬಿನ ಒಣಗರಿಯ ರವದಿ ಸುಡುತ್ತಿದ್ದರು. ಹೊಗೆ ಪೂರ್ವಕ್ಕೆ ಹೊರಟಿತ್ತು.

"ಪೂರ್ವದ ಗಾಳಿ ರೀ ಸರ್" ಎಂದೆ.

ಗಾಳಿಗೆ ಎದುರಾಗಿ ಇಳಿಯಬೇಕೆಂಬುದು ನನಗೆ ಬಾಯಿಪಾಠ. ಠೀವಿಯಿಂದ ಪೂರ್ವಕ್ಕೆ ಮುಖಮಾಡಿದೆ. ಗಾಳಿಯೋ, ಹಿಂದಿನಿಂದ ನೂಕತೊಡಗಿತು. ನೆಲ ಕಣ್ಣೆದುರೇ ಇದೆ, ಚಕ್ರ ಮಾತ್ರ ಮುಟ್ಟಲೊಲ್ಲದು. ರನ್‌ವೇ ಅರ್ಧ ಮುಗಿದಾಗ ಸರ್ ತಾವೇ ಕೈಹಾಕಿ ವಿಮಾನವನ್ನು ಮತ್ತೆ ಮೇಲಕ್ಕೆತ್ತಿದರು. ನನ್ನ ಕಣ್ಣಿಗೆ ಮುಂಡಗೋಡದ ಬಸ್ ಸ್ಟ್ಯಾಂಡು ಸ್ಪಷ್ಟವಾಗಿ ಕಂಡಿತು.

"ಯಾವೂರವಾ ನಿಂದು?"

"ದಾಂಡೇಲಿ ರೀ ಸರ್."

ಚಿಮಣಿ, ಹಳಿಯಾಳ, ಹಾಸಿಗೆ ಎಲ್ಲ ಹೇಳಿದೆ. ಸರ್ ಗಂಭೀರವಾಗಿಯೇ ಕೇಳಿಸಿಕೊಂಡರು.

"ಇಲ್ಲೆ ಗಾಳಿಗೆ ತವರುಮನಿ ಹೆಸರು ಇಡ್ತಾರ, ತಂಗಿ. ಗಂಡನ ಮನೀದಲ್ಲ. ಇದು ಪಶ್ಚಿಮದಿಂದ ಬಂದೈತಿ, ಪಶ್ಚಿಮದ ಗಾಳಿ. ಈಗ ತಿರುಗಿಸಿ ಇಳಸು."

ಇಳಿಸಿದೆ. ಮತ್ತೆ ಏರಿಸಿದರು, ಮತ್ತೆ ಇಳಿಸಿದೆ. ಅವರಿಗೆ ಸಾಕೆನಿಸುವ ತನಕ ಅದೇ ನಡೆಯಿತು. ಕೊನೆಗೆ ಬೆಲ್ಟ್ ಬಿಚ್ಚಿ, "ನಾ ಇಳೀತೇನಿ. ಇನ್ನ ನೀ ಹೋಗಿ ಬಾ" ಎಂದರು.

ಮೇಲೆ ಹೋಗಿ ಪಕ್ಕಕ್ಕೆ ನೋಡಿದರೆ ಖಾಲಿ ಸೀಟು. ಹುಟ್ಟಿದಾಗಿನಿಂದ ಪಕ್ಕದಲ್ಲಿ ಕೂತು ಬುದ್ಧಿ ಹೇಳುವವರು ಒಬ್ಬರಾದರೂ ಇದ್ದೇ ಇದ್ದರು. ಅಂದು ಯಾರೂ ಇರಲಿಲ್ಲ. ಅಂಜಿಕೆಯಾಯಿತು. ಅದಕ್ಕಿಂತ ಹೆಚ್ಚು ಸಂತೋಷವಾಯಿತು. ಇಳಿದು ಬಂದು ಅವ್ವನಿಗೆ ಫೋನ್ ಮಾಡಿದರೆ, "ಊಟ ಆತಿಲ್ಲೊ" ಎಂದು ಕೇಳಿ ಇಟ್ಟಳು.

ಈಗ ಲೈಸೆನ್ಸ್ ಬಂದಿದೆ, ಕೆಲಸ ಇನ್ನೂ ದಾರಿಯಲ್ಲಿದೆ. ಲೈಸೆನ್ಸಿನ ಸುದ್ದಿ ಕೇಳಿ ಮತ್ತೆ ಹೊರಟ ಮುಂಡಗೋಡದವರು ಇವತ್ತು ಮಧ್ಯಾಹ್ನವೇ ಬಂದರು. ವಾಸನೆಯ ಬಗ್ಗೆ ಚಕಾರ ಎತ್ತಲಿಲ್ಲ, ದೊಡ್ಡ ಮನಸ್ಸು. ವರನ ತಂದೆ ಚುರುಮುರಿ ತಿನ್ನುತ್ತ, "ಪೈಲಟ್ ಸೊಸಿ ಅಂದ್ರ ನಮಗೂ ಮರ್ಯಾದಿ ನೋಡ್ರಿ. ಲೈಸೆನ್ಸ್ ಫ್ರೇಮ್ ಹಾಕ್ಸಿ ಹಾಲ್‌ನ್ಯಾಗ ಹಚ್ಚತೇವಿ. ಲಗ್ನ ಆದಮ್ಯಾಲ ಹಾರೂದು ಗೀರೂದು ಮಾತ್ರ ಬ್ಯಾಡ" ಎಂದರು.

ಅವ್ವ ಎಲ್ಲಿ 'ಹೂಂ' ಅಂದುಬಿಡುತ್ತಾಳೋ ಎಂದು ಅವಳನ್ನೇ ನೋಡಿದೆ. ಅವ್ವ ಅವರ ತಟ್ಟೆಗೆ ಇನ್ನೊಂದಿಷ್ಟು ಚುರುಮುರಿ ಹಾಕಿದಳು.

"ಝೆರಾಕ್ಸ್ ಕೊಡ್ತೇನ್ರಿ, ಫ್ರೇಮ್ ಹಾಕ್ಸಿಕೊಳ್ರಿ. ಹುಡುಗಿಗೆ ಕೆಲಸ ಐತಿ."