ಚೌತಿಯ ದಿನ ನೋಡಿದ ಕಾಫಿ ಚಂದ್ರ

ಚಂದ್ರನಲ್ಲಿ ಮೊಲ ಇದ್ದ ಕಾಲದ ಮಾತು ಇದು. ನಾನು ಆರನೇ ಕ್ಲಾಸಿಗೆ ಬರುವವರೆಗೂ ಅದು ಅಲ್ಲೇ ಹಾಯಾಗಿ ಕೂತಿತ್ತು. ಆ ವರ್ಷ ಕೊಪ್ಪದ ನಮ್ಮ ಶಾಲೆಗೆ ಬಂದ ವಿಜ್ಞಾನದ ಟೀಚರ್, “ಅದು ಮೊಲ ಅಲ್ಲ, ಕಪ್ಪು ಬಯಲು. ಯಾವುದೋ ಕಾಲದಲ್ಲಿ ಲಾವಾ ಹರಿದು ಮಟ್ಟಸವಾಗಿ ಹೆಪ್ಪುಗಟ್ಟಿದ್ದು” ಎಂದು ಮೊಲವನ್ನು ಓಡಿಸಿಬಿಟ್ಟರು. ಸಾಲದ್ದಕ್ಕೆ, ಚೌತಿಯ ಮಾರನೇ ದಿನದ ವಸ್ತುಪ್ರದರ್ಶನಕ್ಕೆ ಒಂದು ಚಂದ್ರನನ್ನು ಮಾಡಿಕೊಂಡು ಬಾ ಎಂದು ನನಗೇ ಹೇಳಿದರು.

ಹಳೇ ಪೇಪರ್ ನೆನೆಸಿ, ಮೈದಾ ಅಂಟು ಕಲಸಿ, ಕುಂಬಳಕಾಯಿ ಗಾತ್ರದ ಚಂದ್ರನನ್ನು ಮಾಡಿ ಸುಣ್ಣ ಬಳಿದೆ. ಕೈಕೊಟ್ಟಿದ್ದು ಬಯಲುಗಳು. ಮಸಿ ಹಚ್ಚಿದರೆ ತೂತು ಬಿದ್ದ ಹಾಗೆ ಕಾಣುತ್ತಿತ್ತು. ಚೌತಿಯ ಬೆಳಿಗ್ಗೆ ಅಡುಗೆಮನೆಗೆ ಹೋದರೆ ಕಾಯಿಕಡುಬಿನ ಹಬೆ. ಅದರ ಪಕ್ಕ ಊಟಕ್ಕೆ ಬರುವ ನೆಂಟರಿಗೆಂದು ಅಮ್ಮ ಇಳಿಸಿಟ್ಟ ಮೊದಲ ಡಿಕಾಕ್ಷನ್. ಅದನ್ನು ಜಗಲಿಗೆ ಒಯ್ದು, ಒಂದು ಚಮಚ ಸಾಕು ಎಂದು ಶುರು ಮಾಡಿದವಳು ಪೂರ್ತಿ ಚಂದ್ರನ ಮೇಲೆ ಸುರಿದುಬಿಟ್ಟೆ. ಅಬ್ಬಾ, ಅದು ಹರಿದ ಚಂದವೇ! ತಗ್ಗಿನಲ್ಲಿ ನಿಂತು, ಅಂಚು ಕಪ್ಪಾಗಿ, ಬಯಲು ಅಂದರೆ ಬಯಲೇ ಆಯಿತು.

ಅಷ್ಟರಲ್ಲಿ ಅಜ್ಜಿ ಜಗಲಿಗೆ ಬಂದಳು.

“ಅಯ್ಯೋ, ಚೌತಿ ದಿನ ಚಂದ್ರನ್ನ ತೋರ್ಸಿದ್ಯಲ್ಲೇ ಮಾರಾಯ್ತಿ! ಇನ್ನ್ ನಂಗೆ ಎಂತ ಅಪವಾದ ಕಾದಿದ್ಯೋ!”

“ಇದು ಪೇಪರ್ ಚಂದ್ರ ಅಜ್ಜಿ.”

“ಚಂದ್ರ ಅಂದ್ಮೇಲೆ ಚಂದ್ರನೇ.” ಬಗ್ಗಿ, ಮೂಗು ತಾಗುವಷ್ಟು ಹತ್ತಿರದಿಂದ ನೋಡಿದಳು. “ಮೊಲ ಚೆನ್ನಾಗ್ ಬಂದಿದೆ.”

ಅಪವಾದ ಮಧ್ಯಾಹ್ನದ ಊಟ ಮುಗಿಯುವ ಹೊತ್ತಿಗೇ ಬಂತು. ಅಮ್ಮ ಖಾಲಿ ಫಿಲ್ಟರ್ ಹಿಡಿದು ನೆಂಟರ ಎದುರಿಗೇ, “ಅತ್ತೆ, ದಿನಕ್ಕೆ ಎರಡೇ ಲೋಟ ಅಂತ ಡಾಕ್ಟ್ರು ಹೇಳಿಲ್ವಾ? ಹಬ್ಬದ ದಿನಾನೂ ಕದ್ದು ಕುಡೀಬೇಕಾ?” ಎಂದಳು. ಎಲ್ಲರೂ ನಕ್ಕರು. ಅಜ್ಜಿ ನಗಲಿಲ್ಲ, ಅಲ್ಲ ಅಂತಲೂ ಅನ್ನಲಿಲ್ಲ. ನಾನು ಕಡುಬನ್ನು ಎಲೆಯ ಮೇಲೇ ಚೂರು ಮಾಡುತ್ತಾ ಕೂತೆ. ಹೇಳಿದರೆ ಅಮ್ಮ ಚಂದ್ರನನ್ನು ಬಚ್ಚಲೊಲೆಗೆ ಹಾಕುತ್ತಾಳೆ. ಹೇಳದಿದ್ದರೆ ಅಜ್ಜಿ ಕಳ್ಳಿ.

ಅಜ್ಜಿ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಶಮಂತಕ ಮಣಿಯ ಕಥೆ ಶುರು ಮಾಡಿದಳು. ಚೌತಿಯ ಚಂದ್ರನನ್ನು ನೋಡಿ ಕೃಷ್ಣ ಕಳ್ಳ ಅನ್ನಿಸಿಕೊಂಡ ಕಥೆ. ಅದನ್ನು ಕೇಳಿದರೆ ಅಪವಾದ ಕಳೆಯುತ್ತದಂತೆ. ಅವಳಿಗೆ ಅವಸರವೇ ಇಲ್ಲ. ಕೃಷ್ಣ ಗುಹೆ ಹೊಕ್ಕು ಜಾಂಬವಂತನ ಜೊತೆ ಕುಸ್ತಿಗೆ ಬೀಳುವಷ್ಟರಲ್ಲಿ ನನಗೆ ತಡೆಯಲಾಗಲಿಲ್ಲ.

“ಅಮ್ಮಾ, ಡಿಕಾಕ್ಷನ್ ಚಂದ್ರನ ಮೇಲಿದೆ!” ಎಂದು ಜೋರಾಗಿ ಅತ್ತುಬಿಟ್ಟೆ.

ಅಮ್ಮ ಕಿವಿ ಹಿಂಡಿದಳು, ಪುಣ್ಯಕ್ಕೆ ಚಂದ್ರನನ್ನು ಮುಟ್ಟಲಿಲ್ಲ. ಹೊಸ ಡಿಕಾಕ್ಷನ್ ಇಳಿಸಿ ಮೊದಲ ಲೋಟ ಅಜ್ಜಿಯ ಕೈಗೇ ಕೊಟ್ಟಳು. ಅದು ಆ ದಿನದ ಮೂರನೆಯದು.

“ನೋಡ್ದ್ಯಾ, ಕಥೆ ಮುಗಿಯೋದ್ರೊಳಗೇ ಅಪವಾದ ಹೋಯ್ತು” ಎಂದಳು ಅಜ್ಜಿ. ಒಂದು ಗುಟುಕು ಕುಡಿದು, ನನ್ನ ಕಿವಿಯಲ್ಲಿ, “ಬೆಳಿಗ್ಗೆನೇ ವಾಸ್ನೆ ಬಂದಿತ್ತು ಕಣೇ.”

ಮಾರನೇ ದಿನ ಟೀಚರ್ ಬಯಲು ಎಷ್ಟು ಚಂದ ಬಂದಿದೆ ಎಂದು ಬೆನ್ನು ತಟ್ಟಿದರು.

ಈಗ ಚಂದ್ರನ ಆ ಬಯಲುಗಳನ್ನು ಮೊಬೈಲಿನಲ್ಲೇ ಕಲ್ಲು ಕಲ್ಲು ಕಾಣುವಷ್ಟು ಹತ್ತಿರದಿಂದ ನೋಡುತ್ತೇನೆ. ನೋಡಿದಾಗಲೆಲ್ಲ ಕಾಫಿ ಕುಡಿಯಬೇಕು ಅನ್ನಿಸುತ್ತದೆ. ನನ್ನ ತಪ್ಪನ್ನು ತಕ್ಷಣ ಎತ್ತಿ ತೋರಿಸುವವರಿಗೂ ಏನೂ ಕೊರತೆಯಿಲ್ಲ. ನಾನೇ ಬಾಯಿಬಿಟ್ಟು ಹೇಳಲಿ ಎಂದು, ನೆಂಟರ ಎದುರು ಕಳ್ಳಿ ಅನ್ನಿಸಿಕೊಂಡೂ ಕಾದು ಕೂತಿದ್ದ ಅಜ್ಜಿಯೊಬ್ಬಳು ಇಲ್ಲ.