ಮುದುಕನ ತೂಕ

ಗಿನಿಪಿಗ್‌ಗೂ ಮುಪ್ಪು ಬರುತ್ತದೆ ಎಂದು ಮಾರುವವರು ಯಾರೂ ಹೇಳುವುದಿಲ್ಲ. ಆರು ವರ್ಷದ ಹಿಂದೆ ಕೊಲ್ಹಾಪುರದ ಅಂಗಡಿಯವನು ಅಂಗೈಯಷ್ಟು ಮರಿಯನ್ನು ರಟ್ಟಿನ ಡಬ್ಬಿಯಲ್ಲಿ ಹಾಕಿ ನನ್ನ ಮಗಳ ಕೈಗೆ ಕೊಟ್ಟಾಗ "ಕಾಹೀ ತ್ರಾಸ ನಾಹೀ" ಎಂದಿದ್ದ. ಏನೂ ತ್ರಾಸಿಲ್ಲವಂತೆ! ಈಗ ಅವನನ್ನು ಹಿಡಿದು ತಂದು ಒಂದು ವಾರ ಗಡಹಿಂಗ್ಲಜದ ನಮ್ಮ ಮನೆಯಲ್ಲಿ ಕೂರಿಸಬೇಕು ಅನ್ನಿಸುತ್ತದೆ. ಹಟ ಮಾಡಿ ತಂದ ಮಗಳು ಕಾಲೇಜಿಗೆಂದು ಹಾಸ್ಟೆಲ್ ಸೇರಿದಳು. ಪ್ರಾಣಿ ನನ್ನ ಕೊರಳಿಗೆ ಬಿತ್ತು.

ಮೊದಲು ಕಣ್ಣು ಹೋಯಿತು. ಕರಿಮಣಿಯಂತಿದ್ದ ಕಣ್ಣಿನಲ್ಲಿ ಬೆಳ್ಳಗಿನ ಪೊರೆ ಕಟ್ಟಿತು. ಆಮೇಲೆ ಬೆನ್ನ ಕೂದಲು ತೆಳ್ಳಗಾಯಿತು, ಉಗುರುಗಳು ದಪ್ಪಗಾಗಿ ಒಳಕ್ಕೆ ಸುತ್ತಿಕೊಂಡವು. ಕತ್ತರಿಸಲು ಹೋದರೆ ಮುದುಕ ಎಂಥಾ ಚೀರಾಟ ಚೀರುತ್ತಾನೆಂದರೆ ಪಕ್ಕದ ಮನೆಯವರು "ಏನಾತ್ರೀ ವೈನಿ?" ಎಂದು ಗೋಡೆಯ ಮೇಲಿಂದ ಇಣುಕುತ್ತಾರೆ. ಹಿಂಗಾಲು ಬಿಗಿದುಕೊಂಡು, ಗೂಡಿನ ಬಾಗಿಲ ಪಟ್ಟಿ ದಾಟಲೂ ಅವನಿಗೆ ಯಾರಾದರೂ ಕೈಯಾಸರೆ ಕೊಡಬೇಕು. ಗಂಡಿಗೆ ವಯಸ್ಸಾದರೆ ಇನ್ನೊಂದು ಪೀಡೆ ಇದೆ: ಹಿಂಭಾಗದ ಬಿಗಿ ಸಡಿಲಾಗಿ ಹಿಕ್ಕೆ ಅಲ್ಲೇ ಗಟ್ಟಿಯಾಗಿ ಕೂತುಬಿಡುತ್ತದೆ. ದಿನಾ ಎಣ್ಣೆ ಹಚ್ಚಿ ಹತ್ತಿಯಿಂದ ತೆಗೆಯಬೇಕು. ಹೆತ್ತ ಮಗಳಿಗೂ ನಾನು ಇಷ್ಟು ದಿನ ಕುಂಡಿ ತೊಳೆದಿಲ್ಲ.

ಇದನ್ನೆಲ್ಲ ಸಹಿಸಿಕೊಂಡೆ. ಸಹಿಸಲಾಗದ್ದು ತೂಕ. ಮಗಳ ಅಪ್ಪಣೆಯಂತೆ ಪ್ರತಿ ರವಿವಾರ ಅಡುಗೆಮನೆಯ ತೂಕದ ಯಂತ್ರದ ಮೇಲೆ ಸ್ಟೀಲಿನ ಡಬ್ಬಿ ಇಟ್ಟು ಅವನನ್ನು ಕೂರಿಸುತ್ತೇನೆ. ಈ ವರ್ಷ ಮಳೆಗಾಲ ಹಿಡಿಯುವ ತನಕ ಒಂದು ಕಿಲೋ ಹತ್ತಿರ ತೂಗುತ್ತಿದ್ದ. ಆಮೇಲೆ ಒಂಬೈನೂರ ನಲವತ್ತು ಗ್ರಾಂ ಆದ. ಎಂಟುನೂರ ತೊಂಬತ್ತಾದ. ಎಂಟುನೂರ ಐವತ್ತಾದ. ಹೀಗೇ ಇಳಿದರೆ ಯುಗಾದಿ ಕಾಣುವುದಿಲ್ಲ ಎಂದು ನನಗೂ ಗೊತ್ತಾಗುತ್ತಿತ್ತು.

ನಾನು ಊರ ಮೇಲೆಲ್ಲ ಸಿಟ್ಟು ಮಾಡಿಕೊಂಡೆ. ಒಣಹುಲ್ಲು ತಂದುಕೊಡುವವನು ಹಸಿ ಹುಲ್ಲು ಬೆರೆಸುತ್ತಾನೆಂದು ಅವನನ್ನು ಬಿಡಿಸಿ ಬೇರೆಯವನನ್ನು ಹಿಡಿದೆ. ಊರಿನ ದನದ ಡಾಕ್ಟರರ ಹತ್ತಿರ ಒಯ್ದರೆ ಅವರು ಮುದುಕನನ್ನು ತಿರುವಿ ಮುರುವಿ ನೋಡಿ, "ಇದಕ್ಕ ಏನ್ ಡೋಸ ಕೊಡೂದ್ರಿ ಬಾಯಾರ? ಎಮ್ಮಿಗೆ ಕೊಡೂ ಗುಳಿಗಿನ ಇದರ ತಲಿಯಷ್ಟ ಇರತೈತಿ" ಎಂದು ನಕ್ಕರು. ಇಚಲಕರಂಜಿಯ ನನ್ನ ತಮ್ಮನಿಗೆ ಫೋನ್ ಮಾಡಿದರೆ, "ಅದನ್ನೇನ ಹಿಡಕೊಂಡ ಕುಂತಿ ಅಕ್ಕಾ, ಹೊಸಾದ ಒಂದ ಕೊಡಸ್ತೇನಿ" ಎಂದ. ನಿನಗೆ ವಯಸ್ಸಾದಾಗ ನಿನ್ನ ಹೆಂಡತಿಗೂ ಹೊಸದು ಕೊಡಿಸುತ್ತೇನೆಂದು ಹೇಳಿ ಫೋನ್ ಇಟ್ಟೆ.

ಕೊನೆಗೆ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಎಸ್‌ಟಿ ಬಸ್ಸಿನಲ್ಲಿ ಕೊಲ್ಹಾಪುರಕ್ಕೆ ಹೋದೆ. ಅಲ್ಲಿ ಸಣ್ಣ ಪ್ರಾಣಿಗಳನ್ನು ನೋಡುವ ಹೆಣ್ಣುಮಗಳೊಬ್ಬಳು ಡಾಕ್ಟರು ಇದ್ದಾಳೆ. ಬಾಯೊಳಗೆ ಸಣ್ಣ ಬ್ಯಾಟರಿ ಬಿಟ್ಟು ನೋಡಿ, ಒಳಗಿನ ದವಡೆಹಲ್ಲು ಬೆಳೆದು ನಾಲಿಗೆಗೆ ಚುಚ್ಚುತ್ತಿವೆ ಎಂದಳು. ಇವುಗಳ ಹಲ್ಲು ಸಾಯುವ ತನಕ ಬೆಳೆಯುತ್ತಲೇ ಇರುತ್ತವೆ, ಒಣಹುಲ್ಲು ಅಗಿದಗಿದೇ ಸವೆಯಬೇಕು, ಹಗಲೂ ರಾತ್ರಿಯೂ ಮುಂದೆ ಹುಲ್ಲು ಇರುತ್ತದೆಯೇ ಎಂದು ಕೇಳಿದಳು. "ಇರತೈತ್ರಿ, ನನ್ನ ಕೈಲೆ ಹಾಕ್ತೇನಿ" ಎಂದು ಜಂಬದಿಂದ ಹೇಳಿದೆ. ಅವಳು ಹಲ್ಲು ಉಜ್ಜಿ ಸರಿ ಮಾಡಿದಳು. "ಮ್ಹಾತಾರಾ ಝಾಲಾಯ, ತಾಈ" ಎಂದಳು. ಮುದುಕನಾಗಿದ್ದಾನೆ, ಹೋದ ತೂಕ ತಿರುಗಿ ಬರುವುದಿಲ್ಲ, ಇನ್ನು ಇಳಿಯದಿದ್ದರೆ ಅದೇ ಪುಣ್ಯ, ಹೊಟ್ಟೆ ಮಾತ್ರ ಖಾಲಿ ಬಿಡಬೇಡಿ ಎಂದು ಮರಾಠಿಯಲ್ಲಿ ಎರಡೆರಡು ಸಲ ಹೇಳಿ ಕಳಿಸಿದಳು.

ಬಸ್ಸು ಕಾಗಲ ದಾಟುವಾಗಲೇ ಹೊತ್ತು ಇಳಿದಿತ್ತು. ಮನೆಗೆ ಬಂದವಳೇ ಅವನನ್ನು ಗೂಡಿಗೆ ಬಿಟ್ಟು, ಹುಲ್ಲು ತುಂಬಿ, ಕಾಲು ತೊಳೆಯಲು ಹೋದೆ. ತಿರುಗಿ ಬರುವಷ್ಟರಲ್ಲಿ, ಹಗಲೆಲ್ಲ ಮನೆಯಲ್ಲೇ ಇರುವ ನನ್ನ ಅತ್ತೆ ಗೂಡಿನ ಮುಂದೆ ಕೂತು, ಆ ಹುಲ್ಲನ್ನೆಲ್ಲ ಒಂದು ಕಡ್ಡಿಯೂ ಬಿಡದೆ ಬುಟ್ಟಿಗೆ ಎತ್ತುತ್ತಿದ್ದರು. ನೀರಿನ ಬಟ್ಟಲು ಆಗಲೇ ಹೊರಗಿತ್ತು.

"ಅತ್ತೀ, ಏನ್ ಮಾಡಾಕತ್ತೀರಿ?"

"ಹೊತ್ತ ಮುಳಗೇತೆಲ್ಲವ್ವಾ, ತಗದ ಇಡಾಕತ್ತೇನಿ. ಚಾತುರ್ಮಾಸ ಹತ್ತಿದಾಗಿಂದ ದಿನಾ ತಗೀತೇನಿ. ಮುಂಜಾನೆ ಸೂರ್ಯಾ ಮೂಡಿದ ಮ್ಯಾಲ ಮತ್ತ ಹಾಕ್ತೇನಿ."

ನಾವು ಜೈನರು. ಎಪ್ಪತ್ತೆಂಟರ ಅತ್ತೆ ಸೂರ್ಯ ಮುಳುಗಿದ ಮೇಲೆ ನೀರೂ ಬಾಯಿಗೆ ಹಾಕುವವರಲ್ಲ. ನಾನು ಮತ್ತು ನನ್ನ ಗಂಡ ಬಟ್ಟೆ ಅಂಗಡಿ ಮುಚ್ಚಿ ಬಂದು ಒಂಬತ್ತಕ್ಕೆ ಉಣ್ಣುವ ಧರ್ಮಭ್ರಷ್ಟರು. ನಮಗೆ ಹೇಳಿ ಹೇಳಿ ಅವರು ಸುಮ್ಮನಾಗಿದ್ದರು. ನಾವು ಬರುವ ಹೊತ್ತಿಗೆ ಗೂಡಿನ ಮೇಲೆ ಸೊಳ್ಳೆ ಕಡಿಯದಂತೆ ಹೊದಿಸುವ ಬಟ್ಟೆ ಬಿದ್ದಿರುತ್ತಿತ್ತು, ಬೆಳಿಗ್ಗೆ ನೋಡಿದರೆ ಹುಲ್ಲು ತುಂಬಿರುತ್ತಿತ್ತು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರಂತೆ, ಹಾಗಾಯಿತು ನನ್ನ ಕಥೆ.

"ಅವಂಗ ವಯಸ್ಸಾತವ್ವಾ, ನನ್ನಂಗ" ಎಂದರು ಅತ್ತೆ. "ಇನ್ನರ ಒಂದೀಟ ಪುಣ್ಯಾ ಆಗಲಿ ಅಂತ. ಮುಂದಿನ ಸರ್ತಿ ಮನಷಾರ ಜನ್ಮಾ ಬರಲಿ ಅಂತ."

"ಉಪಾಸ ಕೆಡವಿ ಕೊಲ್ಲಾಕತ್ತೀರಲ್ರಿ ಅವನ್ನ!" ಎಂದು ಕೂಗಿಬಿಟ್ಟೆ.

ಕೂರುವ ಮುಂಚೆ ನೆಲದ ಇರುವೆಯನ್ನು ಸೆರಗಿನಿಂದ ಸರಿಸಿ ಕೂರುವ ಹೆಂಗಸಿಗೆ ಹೇಳುವ ಮಾತಲ್ಲ ಅದು. ಅವರ ಕೈ ಸಡಿಲಾಗಿ ಹುಲ್ಲು ಮಡಿಲಿಗೆ ಬಿತ್ತು. ನಿಜ ಹೇಳುತ್ತೇನೆ, ನನಗೆ ಆ ಗಳಿಗೆಯಲ್ಲಿ ಪಾಪ ಅನ್ನಿಸಲಿಲ್ಲ, ಹಗುರವೆನ್ನಿಸಿತು. ಎರಡು ತಿಂಗಳಿನಿಂದ ಯಾರ ಮೇಲೆ ಹಾಕಬೇಕೆಂದು ತಿಳಿಯದ ಸಿಟ್ಟನ್ನು ಹಾಕಲು ಒಬ್ಬರು ಸಿಕ್ಕಿದ್ದರು.

ಮರುದಿನ ಸಂಜೆ ಎಂದಿನಂತೆ ಅಂಗಡಿಯಿಂದ ನಡುವೆ ಬಂದು ಐದೂವರೆಗೆ ತಾಟು ಹಾಕಿದರೆ ಅತ್ತೆ ಊಟಕ್ಕೆ ಏಳಲಿಲ್ಲ. ಒಪ್ಪತ್ತು ಹಿಡಿದಿದ್ದೇನೆ, ದಿನಕ್ಕೆ ಒಂದೇ ಊಟ ಎಂದರು.

"ಎಷ್ಟ ದಿನಾರಿ?"

"ಅವನ ತೂಕಾ ತಿರುಗಿ ಒಂಬತ್ತನೂರ ಆಗೂತನಕ. ನನ್ನಿಂದ ಇಳದೈತಿ. ಏರೂತನಕ ನನಗ ಒಂದ ಊಟಾ."

ಗೋಡೆಗೆ ತಲೆ ಚಚ್ಚಿಕೊಳ್ಳೋಣ ಅನ್ನಿಸಿತು. ಅವರಿಗೆ ಸಕ್ಕರೆ ಕಾಯಿಲೆ, ಎರಡು ಹೊತ್ತು ಗುಳಿಗೆ, ಎರಡು ಹೊತ್ತೂ ಉಣ್ಣಲೇಬೇಕು. ಹೋದ ತೂಕ ಬರುವುದಿಲ್ಲವೆಂದು ಡಾಕ್ಟರೇ ಹೇಳಿದ್ದಾಳೆ ಎಂದರೆ, "ಆಕಿ ಸಣ್ಣ ಹುಡಿಗಿ, ಆಕಿಗೇನ ಗೊತ್ತು" ಎಂದುಬಿಟ್ಟರು. ನೀವಾದರೂ ಹೇಳಿ ಎಂದು ಗಂಡನಿಗೆ ಅಂದರೆ, ಅವರು "ಅವ್ವಾ, ಒಂದೀಟ ಉಣ್ಣ" ಎಂದು ಒಂದು ಸಲ ಗೊಣಗಿ ಅಂಗಡಿಗೆ ಹೋದರು. ಇಪ್ಪತ್ತೈದು ವರ್ಷದಿಂದ ಈ ಮನೆಯಲ್ಲಿ ಜಗಳದ ಹೊತ್ತಿಗೆ ಸರಿಯಾಗಿ ಗಿರಾಕಿ ಬರುತ್ತಾರೆ.

ಈಗ ನನಗೆ ಇಬ್ಬರು ಮುದುಕರಾದರು. ಒಬ್ಬನಿಗೆ ಕಾಳು ನೆನೆಸಿ ಅರೆದು, ಸೂಜಿ ತೆಗೆದ ಸಿರಿಂಜಿನಿಂದ ತುಸು ತುಸು ಬಾಯಿಗೆ ಬಿಡುವುದು. ಮೇಲೆ ದಿನಾ ಒಂದು ತುಂಡು ನೆಲ್ಲಿಕಾಯಿ. ಇನ್ನೊಬ್ಬರ ಬಾಯಿಗೆ ಬಿಡಲು ಯಾವ ಸಿರಿಂಜೂ ಇಲ್ಲ. ಹೊತ್ತು ಮುಳುಗಿದ ಮೇಲೆ ಹುಲ್ಲು ತೆಗೆಯುತ್ತಿದ್ದವರೇ ಈಗ ಎದ್ದು ಎದ್ದು ಹುಲ್ಲು ಹಾಕುತ್ತಾರೆ, ಅವನನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡು "ತಿನ್ನಪ್ಪಾ, ತಿನ್ನು" ಎನ್ನುತ್ತಾರೆ. ಅವನೂ ಕಚಕಚನೆ ತಿನ್ನುತ್ತಿದ್ದ. ಆದರೂ ತೂಕ ಎಂಟುನೂರ ಮೂವತ್ತು. ಮುಂದಿನ ರವಿವಾರ ಎಂಟುನೂರ ಇಪ್ಪತ್ತು. ಯಂತ್ರದ ಪಕ್ಕದಲ್ಲಿ ಕೈ ಮುಗಿದು ನಿಂತಿದ್ದ ಅತ್ತೆಯ ಬಳೆಗಳು ಮೊಣಕೈ ತನಕ ಜಾರಿದ್ದವು. ಒಂದು ಮಧ್ಯಾಹ್ನ ಬಚ್ಚಲ ಬಾಗಿಲಲ್ಲಿ ತಲೆ ತಿರುಗಿ ಕೂತುಬಿಟ್ಟರು. ನಾನು ಹೆದರಿದೆ. ಹೆದರಿಕೆಯಲ್ಲೂ ಅವರನ್ನು ಬೈದೆ.

ಮೂರನೆಯ ರವಿವಾರ ಯಂತ್ರ ಎಂಟುನೂರ ಹನ್ನೆರಡು ತೋರಿಸಿತು. ಆ ಸಣ್ಣ ಅಂಕಿ ಅತ್ತೆಗೆ ಕಾಣುವುದಿಲ್ಲ.

"ಎಷ್ಟಾತು?"

ಬಣ್ಣ ಬಿಡುವ ಬಟ್ಟೆಯನ್ನು ಹರವಿ "ಬಣ್ಣಾ ಹೋಗೂದಿಲ್ರಿ" ಎನ್ನುತ್ತಾ ಬಂದವಳು ನಾನು. ಸುಳ್ಳು ನನಗೆ ಹೊಸದಲ್ಲ. ಆದರೆ ಅತ್ತೆಯ ಮುಂದೆ ಹೇಳಿರಲಿಲ್ಲ, ಅವರೂ ನನಗೆ ಎಂದೂ ಹೇಳಿರಲಿಲ್ಲ.

"ಒಂಬತ್ತನೂರಾ ಐದ ಆಗ್ಯಾನ್ರಿ" ಎಂದೆ.

"ಖರೇ?"

"ಖರೇರಿ."

ಅವರು ಡಬ್ಬಿಯಿಂದ ಮುದುಕನನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಒಮ್ಮೆ ಮೆಲ್ಲಗೆ ಮೇಲೆ ಕೆಳಗೆ ತೂಗಿದರು. ದಿನಕ್ಕೆ ಹತ್ತು ಸಲ ಅವನನ್ನು ಎತ್ತುವ ಕೈಗಳು ಅವು. ಮೊರಕ್ಕೆ ಸುರಿದ ಜೋಳ ಎಷ್ಟು ಕಿಲೋ ಇದೆಯೆಂದು ನೋಡದೆ ಹೇಳುವ ಕೈಗಳು.

"ಹೌದವ್ವಾ, ಭಾರ ಆಗ್ಯಾನ" ಎಂದರು. ನನ್ನ ಮುಖ ನೋಡಲಿಲ್ಲ.

ಸಂಜೆ ಐದೂವರೆಗೆ ಕರೆಯದೆ ತಾವೇ ಬಂದು ತಾಟಿನ ಮುಂದೆ ಕೂತರು. ಒಂದು ಜೋಳದ ಭಕ್ರಿ ತಿಂದು, ಇನ್ನರ್ಧ ಹಾಕು ಎಂದರು.